ಗ್ರೈಂಡರಿಗೆ ಗರಗಸದ ಹಲ್ಲು

ಮಳೆ ಬಿಟ್ಟು ಅಂಗಳ ಒಣಗಿದ ಮೇಲೆ ಹಾಲಾಡಿ ಆಸುಪಾಸಿನ ಊರುಗಳಲ್ಲಿ ಭಾನುವಾರ ಬೆಳಿಗ್ಗೆ ಒಂದು ಸದ್ದು ಕಿವಿಗೆ ಬೀಳುತ್ತದೆ. ಶಂಕರನಾರಾಯಣದ ಕಡೆಗಾದರೂ ಹೋಗಿ, ಬಿದ್ಕಲ್‌ಕಟ್ಟೆಯ ಕಡೆಗಾದರೂ ಬನ್ನಿ, ತೋಟದ ನಡುವಿನ ಯಾವುದೋ ಮನೆಯಿಂದ ಕೀರಲು ದನಿ ಏಳುತ್ತದೆ, ಮರಕ್ಕೆ ತಾಗಿದೊಡನೆ ಗಡುಸಾಗುತ್ತದೆ, ಬಿಟ್ಟೊಡನೆ ಮತ್ತೆ ಕೀರಲಾಗುತ್ತದೆ. ಅಂಗಳದಲ್ಲಿ ಹಳೆಯ ಹಲಸಿನ ಹಲಗೆ. ಅದನ್ನು ಒಂದು ಕಾಲಲ್ಲಿ ಒತ್ತಿ ಹಿಡಿದು ಬಗ್ಗಿ ನಿಂತ ಮನೆಯ ಯಜಮಾನ. ಮೇಲೆತ್ತಿ ಕಟ್ಟಿದ ಲುಂಗಿ, ಹೆಗಲಲ್ಲಿ ಬೈರಾಸು, ಕಾಲಲ್ಲಿ ಹವಾಯಿ ಚಪ್ಪಲಿ. ಕೈಯಲ್ಲಿರುವುದು ಗೇಟಿನ ತುಕ್ಕು ಉಜ್ಜಲು, ಕಬ್ಬಿಣದ ಸರಳು ತುಂಡರಿಸಲು ತಂದಿದ್ದ ನಾಲ್ಕಿಂಚಿನ ಆಂಗಲ್ ಗ್ರೈಂಡರ್. ಈಗ ಅದರ ತುದಿಯಲ್ಲಿ ಉಜ್ಜುವ ಚಕ್ರವಿಲ್ಲ, ಹಲ್ಲಿರುವ ಮರದ ಬ್ಲೇಡು ತಿರುಗುತ್ತಿದೆ. ಬ್ಲೇಡಿಗೆ ಅಡ್ಡ ಬರುತ್ತದೆಂದು ಬಿಚ್ಚಿದ ಗಾರ್ಡು ಜಗಲಿಯ ಮೇಲೆ ಬಿದ್ದಿದೆ. ಕಂಬಕ್ಕೆ ಒರಗಿ ಮಗುವೊಂದು ನೋಡುತ್ತ ನಿಂತಿದೆ.

ಈ ನೋಟ ಹಾಲಾಡಿಗೆ ಮಾತ್ರ ಸೇರಿದ್ದಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳ್ಳಿಗಳಲ್ಲಿ, ಘಟ್ಟ ಹತ್ತಿದರೆ ಹೊಸನಗರ, ತೀರ್ಥಹಳ್ಳಿಯಲ್ಲಿ, ಬೆಂಗಳೂರಿನ ಮನೆಯ ತಾರಸಿಯಲ್ಲೂ ಇದೇ ನಡೆಯುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಬ್ಲೇಡು ಸಿಕ್ಕಿಸಿದರೆ ಮನೆಯಲ್ಲಿರುವ ಯಂತ್ರವೇ ಗರಗಸವಾಗುವುದಾದರೆ ಇನ್ನೊಂದು ಯಂತ್ರಕ್ಕೆ ದುಡ್ಡು ಯಾಕೆ ಹಾಕಬೇಕು ಎಂಬುದು ಎಲ್ಲರ ಮನಸ್ಸಿನಲ್ಲಿರುವ ಲೆಕ್ಕ. ಅಪಾಯವಿದೆ ಎಂಬುದು ಹೆಚ್ಚಿನವರಿಗೆ ಅರ್ಧ ಗೊತ್ತು. ಎಷ್ಟು, ಯಾಕೆ, ಆಮೇಲೆ ಹೊಣೆ ಯಾರದು ಎಂಬ ಉಳಿದರ್ಧವನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಮರದ ನಾಡಿಗೆ ಬಂದ ಬಗೆ

ವಾರಾಹಿ ಹರಿಯುವ ಈ ಸೀಮೆಯವರಿಗೆ ಮರಗೆಲಸ ಹೊಸತಲ್ಲ. ಶಿರಿಯಾರ ಸಮೀಪದ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದ ಮರದ ಭೂತ ವಿಗ್ರಹಗಳ ಕೀರ್ತಿ ದಿಲ್ಲಿಯ ಕರಕುಶಲ ಸಂಗ್ರಹಾಲಯದವರೆಗೆ ಮುಟ್ಟಿದೆ. ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಗಳೂ ಮರದವೇ. ಹಳೆಯ ಮನೆಯೊಂದನ್ನು ಕೆಡವಿದರೆ ಹಲಸು, ಹೆಬ್ಬಲಸು, ಬೋಗಿಯ ತೊಲೆ, ಪಕ್ಕಾಸು, ಬಾಗಿಲು ರಾಶಿ ಬೀಳುತ್ತವೆ. ಅವನ್ನು ಸುಡಲು ಮನಸ್ಸು ಬಾರದು. ಮಣೆ ಮಾಡೋಣ, ಬೆಂಚು ಮಾಡೋಣ, ಹಟ್ಟಿಗೆ ಬಾಗಿಲು ಮಾಡೋಣ ಎಂದು ಕೈ ತುರಿಸುತ್ತದೆ.

ಇಂಥ ಸಣ್ಣ ಕೆಲಸಕ್ಕೆ ಆಚಾರಿಗಳು ಸಿಗುವುದು ಕಷ್ಟ. ಮನೆ ಮನೆಗೆ ಬಂದು ಉಳಿ, ಬಾಚಿ, ಕೀಸುಳಿ ಹರಡಿ ಕೂರುತ್ತಿದ್ದವರ ಮಕ್ಕಳು ಪ್ಲೈವುಡ್ ಕೆಲಸ ಹಿಡಿದು ಪೇಟೆ ಸೇರಿದ್ದಾರೆ. ಇತ್ತ ಮುಂಬಯಿ, ಬೆಂಗಳೂರಿನಿಂದ ಊರಿಗೆ ಮರಳಿದ ಹುಡುಗರು ವಿಡಿಯೊ ನೋಡಿ ತಾವೇ ಮೇಜು ಮಾಡಲು ಹೊರಡುತ್ತಾರೆ. ಆ ಉತ್ಸಾಹ ಒಳ್ಳೆಯದೇ. ಆದರೆ ಆಚಾರಿಯ ಮಗ ಗರಗಸ ಮುಟ್ಟುವ ಮೊದಲು ವರ್ಷಗಟ್ಟಲೆ ಅಪ್ಪನ ಪಕ್ಕದಲ್ಲಿ ನಿಂತು ನೋಡಿರುತ್ತಿದ್ದ. ಎಲ್ಲಿ ನಿಲ್ಲಬೇಕು, ಮರ ಯಾವಾಗ ಬ್ಲೇಡನ್ನು ಹಿಡಿಯುತ್ತದೆ ಎಂಬುದು ಅವನ ಮೈಗೆ ತಿಳಿದಿರುತ್ತಿತ್ತು. ವಿಡಿಯೊದಲ್ಲಿ ಆ ಭಾಗ ಬರುವುದಿಲ್ಲ. ಬ್ಲೇಡು ಮರದಲ್ಲಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುವುದಷ್ಟೇ ಕಾಣುತ್ತದೆ.

ಪೇಟೆಯಲ್ಲಿ ಏನೇನಿದೆ

ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಕಾರ್ಬೈಡ್ ತುದಿಯ ದುಂಡನೆಯ ಬ್ಲೇಡು, ಸಾಮಾನ್ಯವಾಗಿ ಮೂವತ್ತು ಇಲ್ಲವೆ ನಲವತ್ತು ಹಲ್ಲಿನದು. ಎರಡನೆಯದು ಚೈನ್ ಡಿಸ್ಕ್. ಚೈನ್‌ಸಾದ ಸರಪಳಿಯನ್ನೇ ಬಳೆಯಂತೆ ಸುತ್ತಿ ನಡುವೆ ತಟ್ಟೆ ಕೂರಿಸಿದ ಇದು ಮರ ಕೆತ್ತಲು, ತೋಡಲು ಎಂದು ಮಾರಾಟವಾಗುತ್ತದೆ. ಮೂರನೆಯದು ಗ್ರೈಂಡರಿನ ಮೂತಿಗೆ ಅಡಿಯುದ್ದದ ಪಟ್ಟಿ ಮತ್ತು ಸರಪಳಿ ಜೋಡಿಸಿ ಅದನ್ನೇ ಚೈನ್‌ಸಾ ಮಾಡುವ ಕಿಟ್ಟು. ಡ್ರಿಲ್ ಮಿಷನಿಗೆ ಸಿಕ್ಕಿಸುವ ಗರಗಸದ ಮೂತಿಗಳೂ ಇವೆ. ಇನ್ನು ಕೆಲವರು ಟೈಲ್ಸ್ ಕೊಯ್ಯುವ ಮಾರ್ಬಲ್ ಕಟ್ಟರನ್ನು ಪ್ಲೈವುಡ್ಡಿನ ಅಡಿಗೆ ತಲೆಕೆಳಗಾಗಿ ಬಿಗಿದು, ಬ್ಲೇಡು ಮೇಲೆ ಇಣುಕುವಂತೆ ಸೀಳು ಮಾಡಿ, ಮನೆಯಲ್ಲೇ ಟೇಬಲ್ ಸಾ ಕಟ್ಟಿಕೊಳ್ಳುತ್ತಾರೆ.

ಇವೆಲ್ಲ ಮೊಬೈಲಿನಲ್ಲಿ ಬೆರಳೊತ್ತಿದರೆ ನಾಲ್ಕು ದಿನದಲ್ಲಿ ಹಾಲಾಡಿಯ ಮನೆ ಬಾಗಿಲಿಗೆ ಬರುತ್ತವೆ. ಪೆಟ್ಟಿಗೆಯೊಳಗೆ ಸೂಚನೆಯ ಕಾಗದ ಇಲ್ಲದಿರುವುದೇ ಹೆಚ್ಚು, ಇದ್ದರೂ ಅದು ಕನ್ನಡದಲ್ಲಿರುವುದಿಲ್ಲ.

ಉಜ್ಜುವುದು ಬೇರೆ, ಕಚ್ಚುವುದು ಬೇರೆ

ಗ್ರೈಂಡರಿನ ಚಕ್ರ ಲೋಹವನ್ನು ಉಜ್ಜಿ ತೆಗೆಯುತ್ತದೆ. ಅಂಚಿನಲ್ಲಿರುವ ಸಾವಿರಾರು ಗಟ್ಟಿ ಹರಳುಗಳು ಒಂದೊಂದೂ ಕಣದಷ್ಟನ್ನು ಕೆರೆದು ಕಿಡಿಯಾಗಿ ಎಸೆಯುತ್ತವೆ. ಗರಗಸದ ಹಲ್ಲು ಹಾಗಲ್ಲ, ಅದು ಮರದೊಳಕ್ಕೆ ಇಳಿದು ಚಕ್ಕೆ ಎಬ್ಬಿಸಬೇಕು. ಇಳಿಯುವ ಹಲ್ಲು ಸಿಕ್ಕಿಕೊಳ್ಳಲೂಬಹುದು. ಇಡೀ ಅಪಾಯದ ಬೇರು ಇಲ್ಲಿದೆ.

ವೇಗವನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದರ ಚಕ್ರದ ಸುತ್ತಳತೆ ಸುಮಾರು 31 ಸೆಂಟಿಮೀಟರ್. ಗುಣಿಸಿದರೆ ಅಂಚಿನ ಹಲ್ಲು ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿ ಓಡುತ್ತಿದೆ ಎಂದಾಯಿತು. ಮರ ಕಡಿಯುವ ಪೆಟ್ರೋಲ್ ಚೈನ್‌ಸಾದ ಸರಪಳಿ ಸಾಮಾನ್ಯವಾಗಿ ಗಂಟೆಗೆ 70 ಕಿಲೋಮೀಟರಿನ ಆಸುಪಾಸಿನಲ್ಲಿ ಓಡುತ್ತದೆ. ಅಂದರೆ ಗ್ರೈಂಡರಿಗೆ ಕಟ್ಟಿದ ಚೈನ್ ಡಿಸ್ಕು ನಿಜವಾದ ಚೈನ್‌ಸಾದ ಎರಡು ಪಟ್ಟಿಗಿಂತ ಹೆಚ್ಚಿನ ವೇಗದಲ್ಲಿರುತ್ತದೆ. ಚೈನ್‌ಸಾದಲ್ಲಿ ಸರಪಳಿಯನ್ನು ಕ್ಷಣದಲ್ಲಿ ನಿಲ್ಲಿಸುವ ಬ್ರೇಕು, ಮುಂಗೈಗೆ ಅಡ್ಡವಾಗಿ ಗಾರ್ಡು, ತುಂಡಾದ ಸರಪಳಿಯನ್ನು ಹಿಡಿಯುವ ಕೊಕ್ಕೆ ಇರುತ್ತವೆ. ಗ್ರೈಂಡರಿನಲ್ಲಿ ಈ ಮೂರೂ ಇಲ್ಲ.

ಹಲಗೆಯಲ್ಲಿ ಗಂಟು ಇರುತ್ತದೆ. ಹಳೆಯ ಪಕ್ಕಾಸಿನಲ್ಲಿ ಮುರಿದ ಮೊಳೆ ಅಡಗಿರುತ್ತದೆ. ಒಣಗಿದ ಅಕೇಶಿಯಾ ಸೀಳುವಾಗ ಸೀಳಿನ ಎರಡು ಬದಿಗಳು ಒಂದನ್ನೊಂದು ಒತ್ತಿ ಬ್ಲೇಡನ್ನು ನಡುವೆ ಹಿಡಿದುಬಿಡುತ್ತವೆ. ಬ್ಲೇಡು ಸಿಕ್ಕಿತು, ಆದರೆ ಮೋಟಾರು ತಿರುಗುತ್ತಲೇ ಇದೆ. ಆ ಬಲ ಎಲ್ಲಿಗಾದರೂ ಹೋಗಬೇಕು. ಚಕ್ರ ತಿರುಗಲಾಗದಿದ್ದರೆ ಯಂತ್ರವೇ ತಿರುಗುತ್ತದೆ, ಸೀಳಿನಿಂದ ಮೇಲಕ್ಕೆ ಜಿಗಿಯುತ್ತದೆ, ಹಿಡಿದವನ ಕಡೆಗೇ ಚಿಮ್ಮುತ್ತದೆ. ಕೆಲಸಗಾರರು ಇದನ್ನು ಕಿಕ್ ಹೊಡೆಯುವುದು ಎನ್ನುತ್ತಾರೆ. ಕಿಕ್ ಹೊಡೆದ ಗ್ರೈಂಡರ್ ಬಂದು ತಾಗುವುದು ತೊಡೆಗೆ, ಇನ್ನೊಂದು ಕೈಗೆ, ಬಗ್ಗಿ ನಿಂತಿದ್ದರೆ ಕತ್ತಿಗೆ, ಮುಖಕ್ಕೆ.

‘ನಾನು ಗಟ್ಟಿಯಾಗಿ ಹಿಡಿಯುತ್ತೇನೆ’ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಅನಿರೀಕ್ಷಿತವಾದುದಕ್ಕೆ ಮನುಷ್ಯನ ಕೈ ಪ್ರತಿಕ್ರಿಯಿಸಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರೊಳಗೆ ಈ ಚಕ್ರ ಮೂವತ್ತಕ್ಕಿಂತ ಹೆಚ್ಚು ಸುತ್ತು ತಿರುಗಿರುತ್ತದೆ. ನಲವತ್ತು ಹಲ್ಲಿನ ಬ್ಲೇಡಾದರೆ ಸಾವಿರಕ್ಕೂ ಹೆಚ್ಚು ಹಲ್ಲುಗಳು ಹಾದುಹೋಗಿರುತ್ತವೆ. ಅದೂ ನೇರವಾದ ಗೀರು ಗಾಯವಲ್ಲ. ಚೂರಿಯ ಗಾಯವನ್ನು ಅಂಚಿಗೆ ಅಂಚು ಸೇರಿಸಿ ಹೊಲಿಯಬಹುದು. ಗರಗಸದ ಹಲ್ಲು ತಾನು ಹಾದ ದಾರಿಯ ಚರ್ಮ, ನರ, ಸ್ನಾಯು, ಎಲುಬನ್ನು ಚಕ್ಕೆ ಮಾಡಿ ಒಯ್ಯುತ್ತದೆ. ಸೇರಿಸಲು ಅಂಚೇ ಉಳಿದಿರುವುದಿಲ್ಲ.

ಆಂಗಲ್ ಗ್ರೈಂಡರಿನ ಜೊತೆ ಬರುವ ಕೈಪಿಡಿ ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ ತೆಗೆದು ನೋಡಿ. ಮರ ಕೆತ್ತುವ ಸರಪಳಿ ಚಕ್ರವನ್ನಾಗಲಿ ಹಲ್ಲಿನ ಗರಗಸದ ಬ್ಲೇಡನ್ನಾಗಲಿ ಇದಕ್ಕೆ ಜೋಡಿಸಬೇಡಿ, ಅವು ಮತ್ತೆ ಮತ್ತೆ ಕಿಕ್ ಹೊಡೆಸಿ ಯಂತ್ರ ಕೈತಪ್ಪುವಂತೆ ಮಾಡುತ್ತವೆ ಎಂಬ ಅರ್ಥದ ಸಾಲು ಪ್ರಸಿದ್ಧ ಕಂಪನಿಗಳ ಕೈಪಿಡಿಗಳಲ್ಲೆಲ್ಲ ಇರುತ್ತದೆ. ಕೈಯಲ್ಲಿ ಹಿಡಿಯುವ ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡದಿಂದಲೇ ಬಂದ ಸಾಲು ಅದು. ಚೈನ್ ಡಿಸ್ಕುಗಳ ಬಗ್ಗೆ ಬ್ರಿಟನ್ನಿನ ಉತ್ಪನ್ನ ಸುರಕ್ಷತಾ ಕಚೇರಿಯೂ ಸಾರ್ವಜನಿಕರನ್ನು ಎಚ್ಚರಿಸಿದೆ. ಗ್ರೈಂಡರ್ ತಯಾರಿಸಿದವರು ಬೇಡವೆಂದದ್ದನ್ನೇ ಬೇರೊಬ್ಬರು ತಯಾರಿಸಿ ‘ಎಲ್ಲ ಗ್ರೈಂಡರಿಗೂ ಹೊಂದುತ್ತದೆ’ ಎಂದು ಮಾರುತ್ತಿದ್ದಾರೆ.

ಹದಿನಾರು, ಇಪ್ಪತ್ತರ ಲೆಕ್ಕ

ಆ ಹೊಂದಾಣಿಕೆಯಾದರೂ ನಿಜವೇ? ನಮ್ಮಲ್ಲಿ ಬಳಕೆಯಲ್ಲಿರುವ ನಾಲ್ಕಿಂಚಿನ ಗ್ರೈಂಡರಿನ ಚಕ್ರ 100 ಮಿಲಿಮೀಟರಿನದು, ಅದರ ನಡುವಿನ ತೂತು 16 ಮಿಲಿಮೀಟರ್. ಅಂಗಡಿಯಲ್ಲಿ ‘ನಾಲ್ಕಿಂಚು’ ಎಂದು ಕೇಳಿದಾಗ ಕೊಡುವ ಮರದ ಬ್ಲೇಡು ಸಾಮಾನ್ಯವಾಗಿ ಮಾರ್ಬಲ್ ಕಟ್ಟರಿನ ಅಳತೆಗೆ ಮಾಡಿದ್ದು. ಅದು 110 ಮಿಲಿಮೀಟರಿನದು, ತೂತು 20.

ಈ ಸಣ್ಣ ವ್ಯತ್ಯಾಸದಿಂದ ಎರಡು ಅನಾಹುತ ಹುಟ್ಟುತ್ತವೆ. ತೂತು ದೊಡ್ಡದಾದ ಕಾರಣ ನಡುವೆ ಒಂದು ಬಳೆ ತುರುಕಬೇಕು, ಇಲ್ಲವೆ ಹಾಗೆಯೇ ನಟ್ಟು ಬಿಗಿಯಬೇಕು. ಬ್ಲೇಡು ಕೂದಲೆಳೆಯಷ್ಟು ಓರೆಯಾಗಿ ಕೂತರೂ 11,000 ಸುತ್ತಿನಲ್ಲಿ ಯಂತ್ರ ಕೈಯಲ್ಲಿ ನಡುಗುತ್ತದೆ, ನಟ್ಟು ಸಡಿಲವಾಗುತ್ತದೆ. ಬ್ಲೇಡಿನ ಅಗಲ ಹತ್ತು ಮಿಲಿಮೀಟರ್ ಹೆಚ್ಚಾದ ಕಾರಣ ಅದು ಗಾರ್ಡಿಗೆ ತಾಗುತ್ತದೆ. ಆಗ ಗಾರ್ಡು ಬಿಚ್ಚುತ್ತಾರೆ. ಬೇಜವಾಬ್ದಾರಿಯಿಂದ ಬಿಚ್ಚಿದ್ದು ಎಂದು ಬೈಯುವುದು ಸುಲಭ. ಎಷ್ಟೋ ಸಲ ಆ ಬ್ಲೇಡನ್ನು ಗಾರ್ಡು ಬಿಚ್ಚದೆ ಹಾಕಲು ಸಾಧ್ಯವೇ ಇರುವುದಿಲ್ಲ. ತಪ್ಪು ಅಳತೆಯ ಸಾಮಾನು ಮನೆಗೆ ಬಂದಾಗಲೇ ಗಾರ್ಡು ಹೋಗುವುದು ತೀರ್ಮಾನವಾಗಿರುತ್ತದೆ.

ಬ್ಲೇಡಿನ ಮೇಲೆ ಇನ್ನೊಂದು ಅಂಕಿ ಇರಬೇಕು: ಅದು ತಾಳಿಕೊಳ್ಳಬಲ್ಲ ಗರಿಷ್ಠ ಸುತ್ತು. ಈ ಅಂಕಿ ಯಂತ್ರದ ಸುತ್ತಿಗಿಂತ ಕಡಿಮೆ ಇದ್ದರೆ ಆ ಬ್ಲೇಡು ಆ ಯಂತ್ರದ್ದಲ್ಲ. ವೇಗ ಹೆಚ್ಚಿದಂತೆ ಬ್ಲೇಡನ್ನು ಹೊರಕ್ಕೆ ಎಳೆಯುವ ಬಲ ವರ್ಗದ ಲೆಕ್ಕದಲ್ಲಿ ಏರುತ್ತದೆ. 8,000 ಸುತ್ತಿಗೆ ಮಾಡಿದ ಬ್ಲೇಡನ್ನು 11,000ಕ್ಕೆ ಓಡಿಸಿದರೆ ಅದರ ಮೇಲಿನ ಎಳೆತ ಸರಿಸುಮಾರು ಇಮ್ಮಡಿಯಾಗುತ್ತದೆ. ಕಾರ್ಬೈಡ್ ತುದಿಗಳು ಬ್ಲೇಡಿಗೆ ಬೆಸುಗೆಯಿಂದ ಅಂಟಿರುವ ಚೂರುಗಳು. ಬೆಸುಗೆ ಕಳಪೆಯಾಗಿದ್ದು ಮೊಳೆಯೊಂದು ತಾಗಿದರೆ ಚೂರು ಕಿತ್ತು ಹಾರುತ್ತದೆ. ಎತ್ತ ಹಾರುತ್ತದೆಂದು ಹೇಳಲಾಗದು. ಅದಕ್ಕೇ ಕನ್ನಡಕ ಬೇಕು, ಅದಕ್ಕೇ ಮಗು ಜಗಲಿಯಲ್ಲಿ ನಿಂತಿರಬಾರದು.

ಕರೆಂಟು ಹೋಗಿ ಬಂದಾಗ

ಹಳ್ಳಿಯ ಮನೆಗೆ ವಿಶೇಷವಾಗಿ ಹೇಳಬೇಕಾದ ಒಂದು ಸಂಗತಿಯಿದೆ. ವಿದ್ಯುತ್ ಗರಗಸದಲ್ಲಿ ಬೆರಳು ತೆಗೆದೊಡನೆ ಆಫ್ ಆಗುವ ಒತ್ತುಗುಂಡಿ ಇರುತ್ತದೆ. ಸಣ್ಣ ಗ್ರೈಂಡರುಗಳಲ್ಲಿ ಹೆಚ್ಚಿನವಕ್ಕೆ ಮುಂದೆ ತಳ್ಳಿದರೆ ಅಲ್ಲೇ ನಿಲ್ಲುವ ಸ್ವಿಚ್ಚು. ಕಿಕ್ ಹೊಡೆದು ಕೈಯಿಂದ ಜಾರಿದರೂ ಅದು ತಿರುಗುತ್ತಲೇ ನೆಲದ ಮೇಲೆ ಓಡಾಡುತ್ತದೆ.

ಕೊಯ್ಯುತ್ತಿರುವಾಗ ಕರೆಂಟು ಹೋಯಿತೆನ್ನಿ. ಯಜಮಾನ ಯಂತ್ರವನ್ನು ಹಲಗೆಯ ಮೇಲಿಟ್ಟು ಚಾ ಕುಡಿಯಲು ಒಳಗೆ ಹೋಗುತ್ತಾನೆ. ಸ್ವಿಚ್ಚು ಆನ್ ಆಗಿಯೇ ಉಳಿದಿದೆ. ಹತ್ತು ನಿಮಿಷದ ಮೇಲೆ ಕರೆಂಟು ಬಂದಾಗ ಯಾರೂ ಹಿಡಿಯದ, ಗಾರ್ಡಿಲ್ಲದ ಯಂತ್ರ ಅಂಗಳದಲ್ಲಿ ತಾನೇ ಶುರುವಾಗುತ್ತದೆ. ಕರೆಂಟು ಹೋದೊಡನೆ ಪ್ಲಗ್ ಕೀಳುವುದು ಮಳೆಗಾಳಿಯ ನಮ್ಮ ಸೀಮೆಯಲ್ಲಿ ರೂಢಿಯಾಗಲೇಬೇಕು. ವೋಲ್ಟೇಜ್ ಇಳಿದಾಗಲೂ ಕೆಲಸ ನಿಲ್ಲಿಸಬೇಕು. ಬಲ ಕುಂದಿದ ಮೋಟಾರು ಬ್ಲೇಡನ್ನು ಮರದೊಳಗೆ ಬೇಗ ಸಿಕ್ಕಿಸಿಕೊಳ್ಳುತ್ತದೆ.

ತೊಟ್ಟ ಬಟ್ಟೆಯಿಂದಲೂ ಅಪಾಯವಿದೆ. ಲುಂಗಿ, ಬೈರಾಸು, ಚೂಡಿದಾರದ ವೇಲು, ಸಡಿಲ ಕೈಗವಸು, ಇವೆಲ್ಲ ತಿರುಗುವ ಬ್ಲೇಡಿಗೆ ದಾರದಂತೆ ಸುತ್ತಿಕೊಳ್ಳುತ್ತವೆ. ಬಟ್ಟೆಯ ಒಂದು ಎಳೆ ಸಿಕ್ಕರೂ ಸಾಕು, ಅದರ ಹಿಂದೆ ಕೈ ಬರುತ್ತದೆ.

ಮನೆಯಲ್ಲೇ ಕಟ್ಟಿದ ಟೇಬಲ್ ಸಾ

ಕಾರ್ಖಾನೆಯಲ್ಲಿ ತಯಾರಾದ ಟೇಬಲ್ ಸಾ ಕೂಡ ಸಾಧು ಯಂತ್ರವಲ್ಲ. ಅಮೆರಿಕದಲ್ಲಿ ಅದರ ಬ್ಲೇಡು ತಾಗಿ ಗಾಯಗೊಳ್ಳುವವರು ವರ್ಷಕ್ಕೆ ಸುಮಾರು 30,000 ಮಂದಿ ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಅಂದಾಜಿಸಿದೆ. ಆ ಯಂತ್ರಗಳಿಗೆ ಗಾರ್ಡು ಇರುತ್ತದೆ, ಸೀಳು ಮುಚ್ಚಿಕೊಳ್ಳದಂತೆ ಬ್ಲೇಡಿನ ಹಿಂದೆ ನಿಲ್ಲುವ ತೆಳು ತಗಡು ಇರುತ್ತದೆ, ಅಳತೆಯ ಬೇಲಿ ಇರುತ್ತದೆ. ಅಷ್ಟಿದ್ದೂ ಸಾಲದೆಂದೇ ಸ್ಟೀಫನ್ ಗಾಸ್ ಎಂಬವರು 1999ರಲ್ಲಿ ಬೆರಳು ತಾಗಿದೊಡನೆ ಸುಮಾರು ಐದು ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ನಿಲ್ಲಿಸುವ ವ್ಯವಸ್ಥೆ ಕಂಡುಹಿಡಿದರು.

ನಮ್ಮ ಪ್ಲೈವುಡ್ ಟೇಬಲ್ಲಿನಲ್ಲಿ ಮಾರ್ಬಲ್ ಕಟ್ಟರ್ ತಲೆಕೆಳಗಾಗಿದೆ, ಸ್ವಿಚ್ಚನ್ನು ಟೇಪು ಸುತ್ತಿ ಒತ್ತಿ ಇಡಲಾಗಿದೆ, ಮೇಲೆ ಇಣುಕುವ ಬ್ಲೇಡಿಗೆ ಮುಚ್ಚಳವಿಲ್ಲ. ಹಲಗೆ ತಳ್ಳುವ ಕೈ ಬ್ಲೇಡಿನ ಕಡೆಗೇ ಹೋಗುತ್ತಿರುತ್ತದೆ. ಹಲಗೆ ಮುಗಿಯುವ ಕೊನೆಯ ಎರಡಿಂಚಿನಲ್ಲಿ ಕೈ ಎಲ್ಲಿರುತ್ತದೆ ಎಂದು ಒಮ್ಮೆ ಯೋಚಿಸಿದವರು ಇದನ್ನು ಕಟ್ಟಲಾರರು.

ತೋಟದೊಳಗಿನ ಬ್ಲೇಡು

ಅಡಿಕೆ, ತೆಂಗಿನ ತೋಟವಿರುವ ಮನೆಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರ ಈಗ ಸಾಮಾನ್ಯ. ಹುಲ್ಲಿಗೆ ನೈಲಾನ್ ದಾರ, ಕುರುಚಲಿಗೆ ಮೂರು ಅಲಗಿನ ಬ್ಲೇಡು. ಇದಕ್ಕೂ ಎಂಬತ್ತು ಹಲ್ಲಿನ ಗರಗಸದ ಬ್ಲೇಡು ಹಾಕಿ ಗೊಬ್ಬರದ ಸೊಪ್ಪಿನ ಗಿಡ, ಅಕೇಶಿಯಾ ಸಸಿ ಕಡಿಯುವುದು ನಡೆದಿದೆ. ಯಂತ್ರದ ತಯಾರಕರು ಒಪ್ಪಿದ ಬ್ಲೇಡು, ಅದಕ್ಕೆ ತಕ್ಕ ಗಾರ್ಡು ಇದ್ದರೆ ತೆಳು ಕಾಂಡಕ್ಕೆ ತೊಂದರೆಯಿಲ್ಲ. ದಪ್ಪ ಕಾಂಡಕ್ಕೆ ಹಾಕಿದರೆ ಬ್ಲೇಡು ಸಿಕ್ಕಿ, ಉದ್ದ ಕೊಳವೆಯ ಸಮೇತ ಇಡೀ ಯಂತ್ರ ಪಕ್ಕಕ್ಕೆ ಬೀಸುತ್ತದೆ. ಪಕ್ಕದಲ್ಲಿ ಹುಲ್ಲು ಒಟ್ಟು ಮಾಡುತ್ತಿರುವ ಹೆಂಗಸಿನ ಕಾಲು ಆ ಬೀಸಿನ ದಾರಿಯಲ್ಲಿರುತ್ತದೆ. ಹದಿನೈದು ಮೀಟರಿನೊಳಗೆ ಯಾರೂ ಇರಬಾರದೆಂಬುದು ಈ ಯಂತ್ರಗಳ ನಿಯಮ. ನಮ್ಮಲ್ಲಿ ಎರಡು ಮಾರು ದೂರವನ್ನೂ ಕಾಯುವುದಿಲ್ಲ.

ಇದೇ ಯಂತ್ರಕ್ಕೆ ಬ್ಲೇಡಿನ ಬದಲು ಕಬ್ಬಿಣದ ಸರಪಳಿ ತುಂಡುಗಳು ಬೀಸುವ ಜೋಡಣೆಯೊಂದು ಯುರೋಪಿನಲ್ಲಿ ಮಾರಾಟವಾಗುತ್ತಿತ್ತು. ಅದರ ಸರಪಳಿಯ ಕೊಂಡಿ ಕಿತ್ತು ಹಾರಿ ಸಾವು ಸಂಭವಿಸಿತು. 2012ರ ಜನವರಿಯಲ್ಲಿ ಯುರೋಪಿಯನ್ ಆಯೋಗ ಅಂಥ ಜೋಡಣೆಗಳನ್ನು ಮಾರುಕಟ್ಟೆಗೆ ಬಿಡದಂತೆ ಸದಸ್ಯ ದೇಶಗಳಿಗೆಲ್ಲ ಆದೇಶಿಸಿತು. ಆ ನಿಷೇಧ ಯಂತ್ರದ ಮೇಲಲ್ಲ, ಜೋಡಣೆಯ ಮೇಲೆ. ನಮ್ಮ ದೇಶದ ಆಡಳಿತವೂ ಈ ಕಣ್ಣಿನಿಂದ ನೋಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಯಂತ್ರವನ್ನು ಬೇರೆ, ಬ್ಲೇಡನ್ನು ಬೇರೆ ಪರೀಕ್ಷಿಸಿದರೆ ಎರಡೂ ಪಾಸಾಗಬಹುದು. ಗಾಯ ಮಾಡುವುದು ಅವೆರಡು ಸೇರಿ ಆದ ಮೂರನೆಯ ವಸ್ತು.

ಹೊಣೆ ಯಾರದು?

ಆ ಮೂರನೆಯ ವಸ್ತುವಿಗೆ ತಯಾರಕರಿಲ್ಲ. ಇದನ್ನು ಓದುಗರು ಕೊಳ್ಳುವ ಮೊದಲೇ ತಿಳಿದಿರಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷವಿರುವ ಉತ್ಪನ್ನದಿಂದ ಆದ ಹಾನಿಗೆ ಪರಿಹಾರ ಕೇಳುವ ಹಕ್ಕನ್ನು ಕೊಟ್ಟಿದೆ. ಬೇಕಾದ ಸೂಚನೆ, ಎಚ್ಚರಿಕೆ ಕೊಡದಿದ್ದರೂ ತಯಾರಕ ಹೊಣೆಯಾಗುತ್ತಾನೆ. ಆದರೆ ಅದೇ ಕಾಯ್ದೆಯ 87ನೇ ಕಲಂ, ಉತ್ಪನ್ನವನ್ನು ದುರ್ಬಳಕೆ ಮಾಡಿದ್ದರೆ, ಬದಲಾಯಿಸಿದ್ದರೆ ಮಾರಿದವನ ಮೇಲೆ ದಾವೆ ನಿಲ್ಲದು ಎನ್ನುತ್ತದೆ. ಗಾರ್ಡು ಬಿಚ್ಚಿ, ಕೈಪಿಡಿ ಬೇಡವೆಂದ ಬ್ಲೇಡು ಹಾಕಿದವರ ಪರವಾಗಿ ಗ್ರೈಂಡರ್ ಮಾರಿದವರ ಮೇಲೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ.

ಬ್ಲೇಡು ಮಾರಿದವನ ವಿಷಯ ಬೇರೆ. ತಯಾರಕ ಯಾರೆಂದೇ ಗೊತ್ತಿಲ್ಲದ ಸಾಮಾನನ್ನು ಮಾರಿದರೆ ಮಾರಾಟಗಾರನೇ ಹೊಣೆಗಾರನಾಗಬಹುದೆಂದು ಕಾಯ್ದೆಯ 86ನೇ ಕಲಂ ಹೇಳುತ್ತದೆ. ಇದನ್ನು ಕುಂದಾಪುರ, ಸಿದ್ದಾಪುರ, ಹಾಲಾಡಿಯ ಹಾರ್ಡ್‌ವೇರ್ ಅಂಗಡಿಯವರೂ ಗಮನಿಸಬೇಕು. ಪೊಟ್ಟಣದ ಮೇಲೆ ತಯಾರಕರ ಇಲ್ಲವೆ ಆಮದುದಾರರ ಹೆಸರು, ವಿಳಾಸ, ಆಮದಾಗಿದ್ದರೆ ಯಾವ ದೇಶದ್ದು ಎಂಬ ವಿವರ, ದೂರು ಹೇಳಬೇಕಾದ ನಂಬರು ಇರಬೇಕೆಂಬುದು ತೂಕ ಮತ್ತು ಅಳತೆಯ ನಿಯಮ. ಅವಿಲ್ಲದ ಪೊಟ್ಟಣವನ್ನು ಇಟ್ಟುಕೊಳ್ಳುವ ಅಂಗಡಿ ಯಾರದೋ ಅಪಾಯವನ್ನು ತನ್ನ ಹೆಸರಿಗೆ ಬರೆಸಿಕೊಂಡಂತೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗ ಉಡುಪಿಯಲ್ಲಿದೆ. ಬಿಲ್ಲು ಮತ್ತು ಪೊಟ್ಟಣ ಉಳಿಸಿಕೊಂಡವರಿಗೆ ಮಾತ್ರ ಅದರಿಂದ ಪ್ರಯೋಜನ.

ಕೂಲಿಗೆ ಹೋದ ಕೆಲಸಗಾರ ಹೆಬ್ಬೆರಳು ಕಳೆದುಕೊಂಡರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30ರಷ್ಟು ನಷ್ಟವೆಂದು ನೌಕರರಿಗೆ ಪರಿಹಾರ ಕೊಡಿಸುವ ಕಾನೂನಿನ ಪಟ್ಟಿ ಲೆಕ್ಕ ಹಾಕಿದೆ, ಮಾಲೀಕ ಪರಿಹಾರ ಕೊಡಬೇಕು. ತನ್ನದೇ ಅಂಗಳದಲ್ಲಿ ಕೊಯ್ಯುವವನಿಗೆ ಮಾಲೀಕನಿಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಒಂದು ಕೈ ಇಲ್ಲವೆ ಒಂದು ಕಣ್ಣು ಹೋದರೆ ಒಂದು ಲಕ್ಷ ಕೊಡುತ್ತದೆ. ಬೆರಳಿಗೆ ಕೊಡುವುದಿಲ್ಲ. ಗ್ರೈಂಡರ್ ಹೆಚ್ಚಾಗಿ ಒಯ್ಯುವುದು ಬೆರಳನ್ನು.

ತಾಗಿಯೇ ಬಿಟ್ಟರೆ

ಗಾಯಕ್ಕೆ ಅರಸಿನ, ಕಾಫಿ ಪುಡಿ, ಸುಣ್ಣ ಯಾವುದೂ ಬೇಡ. ಶುಭ್ರ ಬಟ್ಟೆ ಮಡಿಸಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಹಿಡಿಯಬೇಕು. ಒತ್ತಿದ ಬಟ್ಟೆ ನೆನೆದರೆ ತೆಗೆಯದೆ ಅದರ ಮೇಲೆಯೇ ಇನ್ನೊಂದು ಇಡಬೇಕು. ನಡುನಡುವೆ ತೆಗೆದು ನೋಡುವ ಆತುರದಿಂದ ನಿಲ್ಲುತ್ತಿದ್ದ ರಕ್ತ ಮತ್ತೆ ಹರಿಯುತ್ತದೆ.

ಬೆರಳು ತುಂಡಾಗಿದ್ದರೆ ಆ ತುಂಡನ್ನು ಹುಡುಕಿ ತರಬೇಕು. ಮರದ ಹುಡಿ ಹೋಗುವಷ್ಟು ಮಾತ್ರ ಶುದ್ಧ ನೀರಿನಲ್ಲಿ ಮೆಲ್ಲನೆ ತೊಳೆದು, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಇಡಬೇಕು. ಮಂಜುಗಡ್ಡೆಗೆ ನೇರವಾಗಿ ತಾಗಿಸಿದರೆ ತುಂಡು ಹೆಪ್ಪುಗಟ್ಟಿ ಸಾಯುತ್ತದೆ, ನೀರಿನಲ್ಲಿ ಮುಳುಗಿಸಿದರೆ ಉಬ್ಬುತ್ತದೆ. ಹೀಗೆ ತಣ್ಣಗೆ ಇಟ್ಟ ಬೆರಳನ್ನು ಹಲವು ಗಂಟೆಗಳ ಮೇಲೂ ಜೋಡಿಸುವ ಅವಕಾಶ ಇರುತ್ತದೆ. ಮಾಂಸವಿರುವ ಮುಂಗೈ, ಅಂಗೈಯ ತುಂಡಿಗೆ ಅಷ್ಟು ಹೊತ್ತಿಲ್ಲ. 108ಕ್ಕೆ ಫೋನು ಮಾಡುವಾಗಲೇ ತುಂಡಾದ ಭಾಗವಿದೆ ಎಂದು ಹೇಳಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಂಥ, ಪ್ಲಾಸ್ಟಿಕ್ ಸರ್ಜರಿ ವಿಭಾಗವಿರುವ ಕಡೆಗೆ ಹೊರಟರೆ ಅಲ್ಲಿಂದಿಲ್ಲಿಗೆ ಕಳಿಸುವ ಹೊತ್ತು ಉಳಿಯುತ್ತದೆ. ರಕ್ತ ನಿಲ್ಲದಿದ್ದರೆ ಮಾತ್ರ ಹತ್ತಿರದ ಆಸ್ಪತ್ರೆಯೇ ಮೊದಲು.

ಮರ ಕೊಯ್ಯುವುದು ಹೇಗೆ?

ಮನೆಯಲ್ಲಿ ಮರಗೆಲಸ ಮಾಡಬೇಡಿ ಎಂದು ಹೇಳುವ ಲೇಖನ ಇದಲ್ಲ. ಮಾಡಿ, ಮಕ್ಕಳಿಗೂ ಕಲಿಸಿ. ದೊಡ್ಡ ತೊಲೆ ಸೀಳಲು ಮಿಲ್ಲಿಗೆ ಕಳಿಸಿ. ಅಂಗಳದ ಕೆಲಸಕ್ಕೆ ಹರಿತ ಮಾಡಿಸಿದ ಕೈಗರಗಸವೇ ಎಷ್ಟೋ ಸಲ ಸಾಕು. ಯಂತ್ರವೇ ಬೇಕೆಂದರೆ ಮೊದಲು ಜಿಗ್‌ಸಾ ಕೊಳ್ಳಿ. ಅದರ ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುತ್ತದೆ, ತಳದ ತಟ್ಟೆ ಮರದ ಮೇಲೆ ಕೂರುತ್ತದೆ, ಸಿಕ್ಕಿಕೊಂಡರೂ ಯಂತ್ರ ನಿಮ್ಮ ಮೈಮೇಲೆ ಚಿಮ್ಮಿ ಬರುವುದಿಲ್ಲ. ನೇರ ಉದ್ದದ ಕೊಯ್ತಕ್ಕೆ ಸರ್ಕ್ಯುಲರ್ ಸಾ ಇದೆ. ಮರ ಬಿಟ್ಟೊಡನೆ ಬ್ಲೇಡಿನ ಮೇಲೆ ತಾನೇ ಮುಚ್ಚಿಕೊಳ್ಳುವ ಕೆಳಗಾರ್ಡು ಅದಕ್ಕಿದೆ. ಆ ಗಾರ್ಡಿಗೆ ತಂತಿ ಕಟ್ಟಿ ತೆರೆದಿಡುವವರೂ ಇದ್ದಾರೆ, ಕಟ್ಟಬೇಡಿ. ಎಲ್ಲಕ್ಕಿಂತ ಮೊದಲು ಎರಡು ಕ್ಲಾಂಪು ಕೊಳ್ಳಿ. ಹಲಗೆಯನ್ನು ಕಾಲಿನ ಬದಲು ಕ್ಲಾಂಪು ಹಿಡಿದರೆ ಎರಡೂ ಕೈ ಯಂತ್ರದ ಮೇಲಿರುತ್ತವೆ, ಕಾಲು ಬ್ಲೇಡಿನ ದಾರಿಯಿಂದ ದೂರ ಇರುತ್ತದೆ.

ಗ್ರೈಂಡರನ್ನೂ ಎಸೆಯಬೇಕಾಗಿಲ್ಲ. ಗಾರ್ಡು ಹಾಕಿಯೇ ಮರಳು ಕಾಗದದ ಫ್ಲ್ಯಾಪ್ ಡಿಸ್ಕು ಸಿಕ್ಕಿಸಿ ಮರ ನಯ ಮಾಡಬಹುದು. ಅದಕ್ಕೆ ಕಚ್ಚುವ ಹಲ್ಲಿಲ್ಲ.

ಬಡಗಿ ಕಸುಬನ್ನೇ ಮಾಡುವವರಿಗೆ 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಿದೆ. ಅದು ಆರಿಸಿಕೊಂಡ 18 ಕಸುಬುಗಳಲ್ಲಿ ಬಡಗಿಯದೂ ಒಂದು. ದಿನಕ್ಕೆ 500 ರೂಪಾಯಿ ಭತ್ಯೆಯೊಡನೆ ಕೆಲವು ದಿನದ ತರಬೇತಿ, ಸಲಕರಣೆ ಕೊಳ್ಳಲು 15,000 ರೂಪಾಯಿವರೆಗಿನ ನೆರವು ಅದರಲ್ಲಿದೆ. ಆ ದುಡ್ಡಿನಲ್ಲಿ ಗಾರ್ಡಿರುವ ಗರಗಸ ಬರುತ್ತದೆ, ಕ್ಲಾಂಪು, ಕನ್ನಡಕವೂ ಬರುತ್ತವೆ. ಹವ್ಯಾಸಕ್ಕೆ ಮರ ಮುಟ್ಟುವವರಿಗೆ ಅಂಥದ್ದೇನೂ ಇಲ್ಲ. ನಮ್ಮ ಐಟಿಐಗಳು ಬೇಸಿಗೆಯಲ್ಲಿ ಒಂದು ದಿನ ಬಾಗಿಲು ತೆರೆದು ಗ್ರೈಂಡರ್, ಗರಗಸ, ಹುಲ್ಲಿನ ಯಂತ್ರ ಹಿಡಿಯುವ ಬಗೆಯನ್ನು ಊರವರಿಗೆ ತೋರಿಸಿಕೊಟ್ಟರೆ ದೊಡ್ಡ ಖರ್ಚಿಲ್ಲ. ಪಂಚಾಯತಿಗಳು ಕೇಳಬೇಕು.

ಅಂಗಡಿಯ ಮುಂಗಟ್ಟೆಯಲ್ಲಂತೂ ನಾಳೆಯಿಂದಲೇ ಶುರು ಮಾಡಬಹುದಾದ ಕೆಲಸವಿದೆ. ಮರದ ಬ್ಲೇಡು ಕೇಳಿದವರನ್ನು ‘ಯಾವ ಮಿಷನಿಗೆ?’ ಎಂದು ಕೇಳುವುದು. ಗ್ರೈಂಡರಿಗೆ ಎಂದು ಉತ್ತರ ಬಂದರೆ ಬ್ಲೇಡನ್ನು ಮತ್ತೆ ಕಪಾಟಿಗೆ ಸೇರಿಸಿ ಒಂದು ಒಳ್ಳೆಯ ಕೈಗರಗಸ ತೆಗೆದು ತೋರಿಸುವುದು.